ಮಂಡಿಯಲ್ಲಿ ಕುಳಿತು ಚೀಟಿ ಬರೆಯುವ ಕ್ರೈಸ್ತನು ವಾರದ ಆರು ದಿನ ಹೇಗೆ ಬದುಕಬೇಕು?

ಮಂಡಿ ಗುಮಾಸ್ತ, ದಾವಣಗೆರೆ

ಎಲ್ಲರಿಗೂ ವಂದನೆಗಳು. ದಾವಣಗೆರೆಯ ಎಪಿಎಂಸಿ ಪ್ರಾಂಗಣದ ಒಂದು ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಮೆಕ್ಕೆಜೋಳದ ಹಂಗಾಮು ಶುರುವಾಗಿದೆ. ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಟ್ರ್ಯಾಕ್ಟರುಗಳು ಸಾಲುಗಟ್ಟಿರುತ್ತವೆ. ಭಾನುವಾರ ಆರಾಧನೆ ತಪ್ಪಿಸುವುದಿಲ್ಲ, ಮನೆಯಲ್ಲಿ ಸಂಜೆ ಕುಟುಂಬ ಪ್ರಾರ್ಥನೆ ಇರುತ್ತದೆ, ದಶಮಾಂಶವನ್ನೂ ಕೊಡುತ್ತೇನೆ. ಆದರೆ ಉಳಿದ ಆರು ದಿನ ನಾನು ಕೂರುವ ಗಾದಿಯ ಮೇಲೆ ನನ್ನ ನಂಬಿಕೆಗೆ ಏನು ಕೆಲಸ ಎಂಬ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ವಿಷಯ ಹೀಗಿದೆ. ಖಾಲಿ ಗೋಣಿಚೀಲ ಒಂದು ಕೆಜಿಯ ಆಸುಪಾಸು ತೂಗುತ್ತದೆ. ಚೀಟಿಯಲ್ಲಿ ಚೀಲಕ್ಕೆ ಎರಡು ಕೆಜಿ ಕಳೆಯುವುದು ನಮ್ಮ ಅಂಗಡಿಯಲ್ಲಿ ನಡೆದುಬಂದ ಪದ್ಧತಿ. ಐವತ್ತು ಚೀಲ ತಂದ ರೈತನಿಗೆ ಐವತ್ತು ಕೆಜಿ ಖೋತಾ. 2025–26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2400 ರೂಪಾಯಿ. ಆ ಲೆಕ್ಕ ಹಿಡಿದರೆ 1200 ರೂಪಾಯಿ. ಯಾರೂ ಅವನ ಜೇಬಿಗೆ ಕೈ ಹಾಕಿರುವುದಿಲ್ಲ. ಚೀಟಿಯ ಮೇಲೆ ಒಂದು ಅಂಕಿ ಬಿದ್ದಿರುತ್ತದೆ, ಅಷ್ಟೆ. ಸ್ಯಾಂಪಲ್ ಎಂದು ಬೊಗಸೆಯಲ್ಲಿ ತೆಗೆದ ಕಾಳು ಚೀಲಕ್ಕೆ ಮರಳುವುದಿಲ್ಲ. ಕಮಿಷನ್ ಖರೀದಿದಾರ ಕೊಡಬೇಕಾದದ್ದು, ರೈತನಿಂದ ಹಿಡಿಯುವಂತಿಲ್ಲ. ಅಧಿಕೃತ ಬಿಲ್ಲಿನ ಬದಲು ಬರೆಯುವ ಬಿಳಿ ಚೀಟಿಯಲ್ಲಿ ಅದೂ ರೈತನ ಲೆಕ್ಕಕ್ಕೇ ಬರುತ್ತದೆ.

ಕೆಲಸ ಬಿಡಬಹುದು. ಆದರೆ ಮನೆ ಬಾಡಿಗೆಯದು, ಮಗಳು ಪಿಯುಸಿಯಲ್ಲಿದ್ದಾಳೆ. ಸಾಹುಕಾರರು ಕೆಟ್ಟವರೂ ಅಲ್ಲ. ನಮ್ಮ ತಾಯಿ ಆಸ್ಪತ್ರೆಯಲ್ಲಿದ್ದಾಗ ನಾನು ಬಾಯಿ ಬಿಡುವ ಮೊದಲೇ ಹಣ ಕಳುಹಿಸಿದವರು.

ಇನ್ನೊಂದು ವಿಷಯ ಆಯುಧ ಪೂಜೆಯದು. ತೂಕದ ಯಂತ್ರಕ್ಕೆ, ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದು ಪೂಜೆ ಮಾಡುತ್ತಾರೆ. ಹಮಾಲರಿಂದ ಹಿಡಿದು ಸಾಹುಕಾರರ ಮೊಮ್ಮಕ್ಕಳವರೆಗೆ ಎಲ್ಲರೂ ಸೇರುತ್ತಾರೆ. ಅಲ್ಲಿ ನಾನು ಎಲ್ಲಿ ನಿಲ್ಲಬೇಕು? ಅನುಭವ ಇದ್ದವರು ಹೇಳಿ.

ಹೊಳಲ್ಕೆರೆಯ ಯುವಕ

ಸಹೋದರರೇ, ಕರ್ತನಿಗೆ ಸ್ತೋತ್ರ. ನೀವು ಎರಡು ಪ್ರಶ್ನೆ ಕೇಳಿದ್ದೀರಿ, ನನಗೆ ಕಾಣುವುದು ಒಂದೇ ಉತ್ತರ. ಅವರ ಮಧ್ಯದಿಂದ ಹೊರಟು ಬಂದು ಪ್ರತ್ಯೇಕವಾಗಿರಿ ಎಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 6ನೆಯ ಅಧ್ಯಾಯದಲ್ಲಿದೆ. ಬಾಬೆಲಿಗೆ ಸೆರೆಹೋದ ದಾನಿಯೇಲನು ಅಲ್ಲಿನ ಅರಸನ ಊಟದಿಂದ ತನ್ನನ್ನು ಅಶುದ್ಧ ಮಾಡಿಕೊಳ್ಳುವುದಿಲ್ಲ ಎಂದು ನಿಶ್ಚಯಿಸಿಕೊಂಡ. ಮೋಸದ ಚೀಟಿಯಿಂದ ಬಂದ ಸಂಬಳವೂ ಅಂಥ ಊಟವೇ. ಪೂಜೆಯ ದಿನ ರಜೆ ಹಾಕಿ. ಸಾಧ್ಯವಾದಷ್ಟು ಬೇಗ ಆ ಗಾದಿ ಬಿಡಿ. ಆಕಾಶದ ಪಕ್ಷಿಗಳನ್ನು ಸಾಕುವ ತಂದೆ ನಿಮ್ಮ ಮಗಳ ಫೀಸು ಮರೆಯುವುದಿಲ್ಲ. ಕಠಿಣವಾಗಿ ಬರೆದೆ ಎನ್ನಿಸಿದರೆ ಕ್ಷಮಿಸಿ, ನಿಮಗಾಗಿ ಪ್ರಾರ್ಥಿಸುತ್ತಿದ್ದೇನೆ.

ನಿವೃತ್ತ ಮೇಷ್ಟರು, ಹರಿಹರ

ನಾನು ಕಥೋಲಿಕ. ಇಲ್ಲಿ ಎಲ್ಲ ಸಭೆಯವರೂ ಇದ್ದೀರಿ, ನನ್ನ ಮಾತಿನ ವಾಸನೆ ಸ್ವಲ್ಪ ಬೇರೆಯಾಗಿದ್ದರೆ ಸಹಿಸಿಕೊಳ್ಳಿ.

ಹೊಳಲ್ಕೆರೆಯ ತಮ್ಮನ ಹುರುಪು ನನಗೆ ಇಷ್ಟವಾಯಿತು. ಆದರೆ ಲೂಕನ ಸುವಾರ್ತೆಯ 3ನೆಯ ಅಧ್ಯಾಯವನ್ನು ಒಮ್ಮೆ ತೆಗೆಯಪ್ಪ. ಸ್ನಾನಿಕ ಯೋಹಾನನ ಬಳಿಗೆ ಸುಂಕದವರು ಬಂದು, ನಾವೇನು ಮಾಡಬೇಕು ಎಂದು ಕೇಳಿದರು. ಈ ಗುಮಾಸ್ತರ ಪ್ರಶ್ನೆಯೂ ಅದೇ. ಆ ಕಾಲದಲ್ಲಿ ಸುಂಕದ ಕಟ್ಟೆಗಿಂತ ಕೆಟ್ಟ ಹೆಸರಿನ ಕೆಲಸ ಇರಲಿಲ್ಲ. ಆದರೂ ಕಟ್ಟೆ ಬಿಟ್ಟು ಅಡವಿಗೆ ಬನ್ನಿ ಎಂದು ಯೋಹಾನ ಹೇಳಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಕೇಳಬೇಡಿ ಎಂದ. ಸಿಪಾಯಿಗಳಿಗೂ ಹಾಗೆಯೇ: ಯಾರಿಂದಲೂ ಬಲವಂತವಾಗಿ ಕಸಿಯಬೇಡಿ, ಬರುವ ಸಂಬಳ ಸಾಕೆಂದುಕೊಳ್ಳಿ ಎಂದ. ಅಂದರೆ ಇದ್ದ ಜಾಗದಲ್ಲೇ ಅಂಕಿ ಸರಿಮಾಡುವ ಕೆಲಸ ಮೊದಲು. ಅದಕ್ಕೆ ಅವಕಾಶವೇ ಇಲ್ಲದಿದ್ದಾಗ ಗಾದಿ ಬಿಡುವ ಮಾತು.

ಪ್ರವಾದಿ ಆಮೋಸನ ಪುಸ್ತಕದ 8ನೆಯ ಅಧ್ಯಾಯವನ್ನು ನೀವು ಎಪಿಎಂಸಿಯಲ್ಲೇ ಕುಳಿತು ಓದಬೇಕು. ಧಾನ್ಯದ ವ್ಯಾಪಾರಿಗಳು ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ಯಾವಾಗ ಮುಗಿದೀತು, ಚೀಲ ಯಾವಾಗ ಬಿಚ್ಚಿಯೇವು ಎಂದು ಚಡಪಡಿಸುತ್ತಾರೆ. ಅಳತೆ ಕಿರಿದು ಮಾಡಿ, ತೂಕದ ಕಲ್ಲು ಹಿರಿದು ಮಾಡಿ, ತಕ್ಕಡಿಯನ್ನು ಠಕ್ಕಿಗೆ ತಿರುಗಿಸಿ, ಗೋಧಿಯ ಕಸವನ್ನೂ ಮಾರುತ್ತಾರೆ. ಹೇಳಿದವನು ಗುರುಮನೆತನದವನಲ್ಲ. ಕುರಿ ಕಾಯುತ್ತ, ಅತ್ತಿಹಣ್ಣಿನ ಮರಗಳನ್ನು ನೋಡಿಕೊಳ್ಳುತ್ತಿದ್ದ ತೆಕೋವದ ಮನುಷ್ಯ. ಮಾರುವ ಕಡೆಯಲ್ಲಿ ನಿಂತು ಆ ಅಂಗಡಿಗಳನ್ನು ಕಂಡವನಂತೆ ಬರೆದಿದ್ದಾನೆ. ಅವರ ಉಪಾಸನೆಯಲ್ಲಿ ಏನೂ ಕಡಿಮೆ ಇರಲಿಲ್ಲ ಎಂಬುದನ್ನು ಗಮನಿಸಿ. ಹಬ್ಬ, ಬಲಿ, ಹಾಡು ಎಲ್ಲವೂ ಸಾಂಗವಾಗಿ ನಡೆಯುತ್ತಿತ್ತು. ನಿಮ್ಮ ಹಾಡುಗಳ ಗದ್ದಲ ನನಗೆ ಬೇಡ ಎಂದು ದೇವರು ಹೇಳಿದ್ದು ಅಂಥವರಿಗೇ.

ನಮ್ಮ ಹರಿಹರದಲ್ಲಿ ಸೆಪ್ಟೆಂಬರ್ 8ರಂದು ಆರೋಗ್ಯಮಾತೆಯ ಹಬ್ಬಕ್ಕೆ ಜನ ಜಾತಿಮತ ನೋಡದೆ ಬರುತ್ತಾರೆ. ಕಾಲ್ನಡಿಗೆಯಲ್ಲಿ ಬರುವವರೂ ಇದ್ದಾರೆ. ಅದನ್ನು ನೋಡಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ. ಆದರೆ ಹಬ್ಬದ ಮರುದಿನ ಅಂಗಡಿ ತೆರೆದವನ ತಕ್ಕಡಿ ಹೇಗಿದೆ ಎಂಬುದೂ ಆ ಹರಕೆಯ ಭಾಗವೇ ಎಂದು ನಂಬಿದವನು ನಾನು.

ನಮ್ಮಲ್ಲಿ ಪಾಪನಿವೇದನೆ ಇದೆ, ಅಂದರೆ ಗುರುಗಳ ಮುಂದೆ ತಪ್ಪು ಒಪ್ಪಿಕೊಳ್ಳುವುದು. ಅನ್ಯಾಯವಾಗಿ ಪಡೆದದ್ದನ್ನು ಅದರ ಒಡೆಯನಿಗೆ ಹಿಂದಿರುಗಿಸುವ ಹೊಣೆಯನ್ನು ಅದು ತೆಗೆದುಹಾಕುವುದಿಲ್ಲ. ಸುಂಕದವನಾದ ಜಕ್ಕಾಯ ಯೇಸುವಿನ ಮುಂದೆ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಎಂದದ್ದು ಇದೇ ಸಾಲಿಗೆ ಸೇರಿದ ಮಾತು. ಹೆಚ್ಚುವರಿ ಹಣ ನಿಮ್ಮ ಕೈಸೇರಿಲ್ಲದಿದ್ದರೆ ನಾಲ್ಕರಷ್ಟರ ಭಾರ ನಿಮ್ಮದಲ್ಲ. ಮುಂದಿನ ಚೀಟಿ ಮಾತ್ರ ನಿಮ್ಮದೇ.

ರೊಟ್ಟಿ ಮನೆಯವಳು, ನಿಟುವಳ್ಳಿ

ಮೇಷ್ಟರೇ, ಆಮೋಸನನ್ನು ಇಷ್ಟು ಹತ್ತಿರದಿಂದ ಯಾರೂ ತೋರಿಸಿರಲಿಲ್ಲ. ಧನ್ಯವಾದ.

ನಾನು ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತೇನೆ. ನನ್ನೊಂದಿಗೆ ಕೆಲವು ಹೆಣ್ಣುಮಕ್ಕಳು ದುಡಿಯುತ್ತಾರೆ. ಹತ್ತು ರೊಟ್ಟಿಗೆ ಇಷ್ಟು ಎಂದು ಕೂಲಿ. ಖಾನಾವಳಿಯವರು ನನಗೆ ವಾರಕ್ಕೊಮ್ಮೆ, ಕೆಲವರು ತಿಂಗಳಿಗೊಮ್ಮೆ ಕೊಡುತ್ತಾರೆ. ಅವರು ಕೊಟ್ಟಾಗ ಕೊಡುತ್ತೇನೆ ಎಂದು ನಾನೂ ಹೇಳಬಹುದು, ಈ ಕಸುಬಿನಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಾರೆ. ಆದರೆ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ನನಗೆ ಬಹಳ ವರ್ಷಗಳಿಂದ ಗುರು. ಬಡ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲು ಕೊಡು, ಅವನ ಮನಸ್ಸು ಅದರ ಮೇಲೆಯೇ ಇರುತ್ತದೆ ಎಂದು ಅಲ್ಲಿದೆ.

ಆ ಮಾತು ನಿಜವೆಂದು ನಾನು ದಿನವೂ ಕಾಣುತ್ತೇನೆ. ಸಂಜೆ ಐದಾಗುತ್ತಿದ್ದಂತೆ ಅವರು ಕೈತೊಳೆದು ಸೆರಗಿಗೆ ಒರೆಸಿಕೊಳ್ಳುತ್ತಾರೆ. ಬಾಯಿಬಿಟ್ಟು ಕೇಳುವುದಿಲ್ಲ. ರೊಟ್ಟಿ ಬಡಿಯುವ ಮಣೆಯ ಮೇಲಿನ ಹಿಟ್ಟನ್ನು ಎರಡೆರಡು ಸಲ ಒರೆಸುತ್ತಾ ನಿಲ್ಲುತ್ತಾರೆ. ಅವರಲ್ಲಿ ಒಬ್ಬಳಿಗೆ ದಾರಿಯಲ್ಲಿ ಮಗುವಿಗೆ ಹಾಲು, ಇನ್ನೊಬ್ಬಳಿಗೆ ಸಂಘದ ಸಾಲದ ಕಂತು. ನಾಳೆ ಬಾ ಎಂದು ಕಳುಹಿಸಿ ಆಮೇಲೆ ನಾನು ಮೊಣಕಾಲೂರಿದರೆ ಆ ಪ್ರಾರ್ಥನೆ ಛಾವಣಿ ದಾಟುವುದಿಲ್ಲ. ಯಾಕೋಬನ ಪತ್ರದ 5ನೆಯ ಅಧ್ಯಾಯದಲ್ಲಿ ತಡೆದಿಟ್ಟ ಕೂಲಿಯೇ ಕೂಗುತ್ತದೆ ಎಂದಿದೆಯಲ್ಲ, ನನಗೆ ಆ ಕೂಗು ಕೇಳಿಸುತ್ತದೆ. ಅದಕ್ಕೇ ಕೂಲಿಯ ಹಣವನ್ನು ಬೆಳಿಗ್ಗೆಯೇ ಬೇರೆ ಡಬ್ಬಿಯಲ್ಲಿಟ್ಟು ಒಲೆ ಹಚ್ಚುತ್ತೇನೆ. ಬಂಡವಾಳ ಸಾಲದಿದ್ದರೆ ಆ ದಿನ ರೊಟ್ಟಿ ಕಡಿಮೆ.

ಗುಮಾಸ್ತರ ಅಣ್ಣಾ, ನಿಮ್ಮ ಮಂಡಿಯ ಹಮಾಲರಿಗೆ ಕೂಲಿ ಯಾವಾಗ ಸಿಗುತ್ತದೆ? ಅದನ್ನೂ ನೋಡಿ. ಸಾಹುಕಾರರ ಅಪ್ಪಣೆಯಿಲ್ಲದೆ ನೀವೇ ಮಾಡಬಹುದಾದ ಕೆಲಸ ಬಹುಶಃ ಅಲ್ಲಿಂದ ಶುರುವಾಗುತ್ತದೆ.

ಜಗಳೂರು ಕಡೆಯ ರೈತ

ನಾನು ಕ್ರೈಸ್ತನಲ್ಲ. ಲಿಂಗಾಯತ ಮನೆತನದವನು, ಮೆಕ್ಕೆಜೋಳ ಬೆಳೆಯುತ್ತೇನೆ. ಗೆಳೆಯರೊಬ್ಬರು ಈ ಚರ್ಚೆಯನ್ನು ಕಳುಹಿಸಿದರು. ಬರೆಯದೆ ಇರಲಾಗಲಿಲ್ಲ.

ಐವತ್ತು ಚೀಲಕ್ಕೆ ಐವತ್ತು ಕೆಜಿ ಎಂದಿರಿ. ನಮ್ಮ ಕಡೆ ಮಳೆ ನೆಚ್ಚಿದ ಭೂಮಿ. ಬೀಜ, ಗೊಬ್ಬರ, ಸೈನಿಕ ಹುಳುವಿನ ಔಷಧಿ, ಕೀಳುವ ಕೂಲಿ, ಯಂತ್ರದ ಬಾಡಿಗೆ, ಟ್ರ್ಯಾಕ್ಟರಿನ ಬಾಡಿಗೆ ಎಲ್ಲ ಕಳೆದ ಮೇಲೆ ಉಳಿಯುವುದರಲ್ಲಿ 1200 ರೂಪಾಯಿ ಸಣ್ಣ ಬಾಬತ್ತಲ್ಲ. ಅದಕ್ಕಿಂತ ಹೆಚ್ಚು ನೋಯುವುದು ಬೇರೆ. ತೇವಾಂಶದ ಮೀಟರನ್ನು ಕಾಳಿನೊಳಗೆ ಇಟ್ಟು ಅಂಕಿಯನ್ನು ಅವರೇ ನೋಡಿಕೊಳ್ಳುತ್ತಾರೆ, ನಮ್ಮ ಕಡೆ ತಿರುಗಿಸುವುದಿಲ್ಲ. ಶೇಕಡಾ 14ರ ಮೇಲಿದೆ ಎಂದರೆ ಇದೆ. ಕೇಳಿದರೆ, ಬೇಕಾದರೆ ಚೀಲ ಎತ್ತಿಕೊಂಡು ಹೋಗು ಎನ್ನುತ್ತಾರೆ. ರಾತ್ರಿಯೆಲ್ಲ ಕಾಳಿನ ರಾಶಿ ಕಾದು, ಮಂಜಿಗೆ ತಾಡಪಾಲು ಹೊದಿಸಿ ತಂದವನು ಎಲ್ಲಿಗೆ ಎತ್ತಿಕೊಂಡು ಹೋಗಬೇಕು?

ನಿಮ್ಮ ಸಾಹುಕಾರರು ನಮ್ಮವರೇ ಇರಬಹುದು. ಹಾಗಿದ್ದರೆ ಅವರಿಗೆ ಆಯ್ದಕ್ಕಿ ಮಾರಯ್ಯನ ಕಥೆ ಗೊತ್ತಿರುತ್ತದೆ. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟು ನಮಗೇಕೆ, ಹೋಗಿ ಅಲ್ಲೇ ಸುರಿದು ಬನ್ನಿ ಎಂದವಳು ಹೆಂಡತಿ ಲಕ್ಕಮ್ಮ. ನೀವು ನಿಮ್ಮ ಸತ್ಯವೇದ ಹಿಡಿದು ಮಾತಾಡಿದರೆ ಅವರಿಗೆ ದೂರವೆನ್ನಿಸಬಹುದು. ಲಕ್ಕಮ್ಮನ ಹೆಸರು ಹೇಳಿ ನೋಡಿ.

ಇನ್ನು ಪೂಜೆಯ ದಿನ ನೀವು ಎಲ್ಲಿ ನಿಂತರೂ ರೈತನಿಗೆ ಏನೂ ಆಗುವುದಿಲ್ಲ. ಪೂಜೆಯಾದ ಯಂತ್ರ ಸರಿ ತೂಗಿದರೆ ಸಾಕು.

ಮಂಡಿ ಗುಮಾಸ್ತ, ದಾವಣಗೆರೆ

ಯಜಮಾನರೇ, ನೀವು ಬರೆದದ್ದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಮೀಟರನ್ನು ರೈತನ ಕಡೆ ತಿರುಗಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಇವತ್ತಿನಿಂದಲೇ ತಿರುಗಿಸುತ್ತಿದ್ದೇನೆ.

ನರ್ಸ್, ಚಿತ್ರದುರ್ಗ

ನನ್ನದು ಹೆರಿಗೆ ವಾರ್ಡು. ಆಸ್ಪತ್ರೆಯ ಹೆಸರು ಬೇಡ, ಇದು ಒಂದೇ ಕಡೆಯ ಕಥೆಯೂ ಅಲ್ಲ. ಮಗು ಹುಟ್ಟಿದ ಕೂಡಲೇ ಹೊರಗೆ ಕಾಯುತ್ತಿರುವ ಅಜ್ಜಿಯ ಮುಂದೆ ಕೈಗಳು ಚಾಚುತ್ತವೆ. ಖುಷಿಗೆ ಕೊಡಿ ಎನ್ನುತ್ತಾರೆ. ಗಂಡಾದರೆ ಒಂದು ದರ, ಹೆಣ್ಣಾದರೆ ಇನ್ನೊಂದು. ಮೊಳಕಾಲ್ಮೂರು ಕಡೆಯ ಹಳ್ಳಿಯಿಂದ ಬಾಡಿಗೆ ಗಾಡಿಯಲ್ಲಿ ಬಂದವರು ಸೊಂಟದ ಚೀಲ ಬಿಚ್ಚಿ, ಮಡಿಸಿದ ನೋಟುಗಳನ್ನು ಎಣಿಸುವುದನ್ನು ನೋಡುವುದು ಕಷ್ಟ.

ನಾನು ತೆಗೆದುಕೊಳ್ಳುವುದಿಲ್ಲ. ಅದರಿಂದ ಏನಾಗುತ್ತದೆ ಎಂಬುದನ್ನು ಹೇಳಲು ಬರೆಯುತ್ತಿದ್ದೇನೆ, ಏಕೆಂದರೆ ಗುಮಾಸ್ತರ ಅಣ್ಣನಿಗೂ ಅದು ಎದುರಾಗಲಿದೆ. ಜೊತೆಯವರು ಮೊದಲು ನಗುತ್ತಾರೆ. ಆಮೇಲೆ ಇವಳು ನಮ್ಮನ್ನು ಕಳ್ಳರನ್ನಾಗಿ ಮಾಡುತ್ತಿದ್ದಾಳೆ ಎಂದು ಮುನಿಯುತ್ತಾರೆ. ಕಷ್ಟದ ಪಾಳಿಗಳು ನಮ್ಮ ಹೆಸರಿಗೇ ಬೀಳುತ್ತವೆ. ಈ ಘಟ್ಟದಲ್ಲಿ ನಾವು ಒಳಗೊಳಗೇ ಅವರಿಗಿಂತ ಮೇಲೆಂದು ಬೀಗುವ ಅಪಾಯವಿದೆ. ನಮ್ಮ ವಾರ್ಡಿನ ಆಯಾಗಳು ಗುತ್ತಿಗೆಯವರು, ಸಂಬಳ ತಿಂಗಳುಗಟ್ಟಲೆ ತಡವಾಗುತ್ತದೆ. ಅವರು ಕೈಚಾಚುವುದು ತಪ್ಪು, ಅವರ ಮನೆಯ ಒಲೆಯ ಸ್ಥಿತಿಯೂ ನಿಜ. ಅವರ ಬಾಕಿ ಸಂಬಳಕ್ಕಾಗಿ ಅರ್ಜಿ ಬರೆದುಕೊಟ್ಟು, ಅವರೊಂದಿಗೆ ಕಚೇರಿಗೆ ಅಲೆದ ಮೇಲೆ ನನ್ನ ಮಾತನ್ನು ಕೆಲವರು ಕೇಳತೊಡಗಿದರು. ಈಗ ನನ್ನ ಪಾಳಿಯಲ್ಲಿ ಕೇಳುವುದು ಬಹಳ ಕಡಿಮೆ.

ಒಂದು ವಿನಂತಿ. ಹಾಸಿಗೆಯ ಪಕ್ಕ ಪ್ರಾರ್ಥನೆ ಮಾಡಲೇ ಎಂದು ಮನಸ್ಸಾಗುವುದು ಸಹಜ. ನಮ್ಮ ಜಿಲ್ಲೆಗಳಲ್ಲಿ ಈಗ ಅದನ್ನು ಅನುಮಾನದಿಂದ ನೋಡುವವರಿದ್ದಾರೆ, ಮತ್ತು ನೋವಿನಲ್ಲಿರುವವಳಿಗೆ ಬೇಡವೆನ್ನುವ ಶಕ್ತಿ ಇರುವುದಿಲ್ಲ. ಅವರಾಗಿಯೇ ಕೇಳಿದರೆ ಮಾತ್ರ ಗಟ್ಟಿಯಾಗಿ ಪ್ರಾರ್ಥಿಸುತ್ತೇನೆ. ಇಲ್ಲದಿದ್ದರೆ ಡ್ರಿಪ್ ಹಾಕುತ್ತಾ ಮನಸ್ಸಿನಲ್ಲೇ. ಕರ್ತನಿಗೆ ಅದೂ ಕೇಳಿಸುತ್ತದೆ. ಸೂಜಿ ನೋವಾಗದಂತೆ ಚುಚ್ಚುವುದನ್ನು ಮನಃಪೂರ್ವಕವಾಗಿ ಕಲಿತಿದ್ದೇನೆ, ಅದೂ ನನ್ನ ಆರಾಧನೆಯೇ.

ಹೊಳಲ್ಕೆರೆಯ ಯುವಕ

ಅಕ್ಕಾ, ಮೇಷ್ಟರೇ, ತೂಕದ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಪೂಜೆಯ ವಿಷಯದಲ್ಲಿ ಒಪ್ಪಲಾರೆ. ನಮ್ಮ ಮನೆಯಲ್ಲಿ ಮೊದಲು ನಂಬಿದವನು ನಾನು. ಮನೆದೇವರ ಮುಂದೆ ಕೈಮುಗಿಯುವುದಿಲ್ಲ ಎಂದಾಗ ಅಪ್ಪ ತಿಂಗಳುಗಳ ಕಾಲ ಮಾತು ಬಿಟ್ಟರು. ನನಗೆ ಅದು ಪುಸ್ತಕದ ಚರ್ಚೆಯಲ್ಲ. ಎಲ್ಲರೂ ಕೈಮುಗಿದಾಗ ಅಲ್ಲಿ ನಿಂತರೆ ನಾನು ಬಿಟ್ಟುಬಂದದ್ದಕ್ಕೆ ಏನು ಅರ್ಥ? ದಾವಣಗೆರೆಯ ಕ್ರೈಸ್ತರು ದುಗ್ಗಮ್ಮನ ಜಾತ್ರೆಯ ಊಟಕ್ಕೂ ಹೋಗುತ್ತಾರೆಂದು ಕೇಳಿದ್ದೇನೆ. ಅದೂ ಸರಿಯೇ?

ರೊಟ್ಟಿ ಮನೆಯವಳು, ನಿಟುವಳ್ಳಿ

ತಮ್ಮಾ, ನೀನು ಕೊಟ್ಟ ಬೆಲೆ ದೊಡ್ಡದು. ಹುಟ್ಟಿದಾಗಿನಿಂದ ಸಭೆಯಲ್ಲೇ ಬೆಳೆದ ನಾವು ಅದರ ಬಗ್ಗೆ ಹಗುರವಾಗಿ ಮಾತಾಡಬಾರದು.

ಜಾತ್ರೆಯ ಬಗ್ಗೆ ಹೇಳುತ್ತೇನೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ನಮ್ಮ ಓಣಿಯ ಮನೆಮನೆಯಲ್ಲೂ ನೆಂಟರು, ಬಾಡೂಟ. ನನ್ನ ಜೊತೆ ರೊಟ್ಟಿ ಬಡಿಯುವವಳು ಕರೆದರೆ ಹೋಗುತ್ತೇನೆ, ಏನು ಎತ್ತ ಎಂದು ವಿಚಾರಿಸದೆ ಉಣ್ಣುತ್ತೇನೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 10ನೆಯ ಅಧ್ಯಾಯದಲ್ಲಿ ಪೌಲ ಹೇಳಿರುವುದು ಹಾಗೆಯೇ: ನಂಬದವನು ಊಟಕ್ಕೆ ಕರೆದು ನಿನಗೆ ಹೋಗುವ ಮನಸ್ಸಿದ್ದರೆ, ಬಡಿಸಿದ್ದನ್ನು ವಿಚಾರಿಸದೆ ತಿನ್ನು. ಆದರೆ ಯಾರಾದರೂ ಇದು ದೇವರಿಗೆ ಅರ್ಪಿಸಿದ್ದು ಎಂದು ಹೇಳಿದರೆ, ಹೇಳಿದವನ ಸಲುವಾಗಿ ತಿನ್ನಬೇಡ ಎಂದೂ ಅಲ್ಲೇ ಇದೆ. ಒಮ್ಮೆ ಆ ಮನೆಯ ಅಜ್ಜಿ ಎಡೆ ಹಿಡಿದುಬಂದು, ಇದು ಅಮ್ಮನದು ಎಂದರು. ಕೈಜೋಡಿಸಿ, ಅಜ್ಜೀ ಅದೊಂದು ಬೇಡ, ಬೇರೆ ಏನು ಬಡಿಸಿದರೂ ಉಣ್ಣುತ್ತೇನೆ ಎಂದೆ. ಅಜ್ಜಿ ಒಂದು ಗಳಿಗೆ ನೋಡಿ, ಸೊಸೆಗೆ ಕೂಗಿ ಅನ್ನ ತುಪ್ಪ ತರಿಸಿದರು. ಕ್ರಿಸ್ಮಸ್ ಬಂದಾಗ ನಾನು ಕೊಟ್ಟ ಕರ್ಜಿಕಾಯಿಯನ್ನು ಅದೇ ಅಜ್ಜಿ ಬಾಗಿಲಲ್ಲೇ ನಿಂತು ತಿಂದರು.

ನಿನ್ನಂತೆ ಹೊಸದಾಗಿ ಬಂದವರು ನನ್ನ ಪಕ್ಕದಲ್ಲಿದ್ದು ಅವರ ಮನಸ್ಸಿಗೆ ಅಡ್ಡಿಯಾಗುವುದಾದರೆ ನಾನು ಉಣ್ಣುವುದಿಲ್ಲ. ಅದನ್ನೂ ಪೌಲನೇ ಕಲಿಸಿದ್ದಾನೆ.

ನಿವೃತ್ತ ಮೇಷ್ಟರು, ಹರಿಹರ

ಆಯುಧ ಪೂಜೆಗೆ ನಾಮಾನನ ಕಥೆ ನೆನಪಾಗುತ್ತದೆ. ಅರಾಮ್ ದೇಶದ ಸೇನಾಪತಿ, ಯೊರ್ದನಿನಲ್ಲಿ ಕುಷ್ಠ ಕಳೆದುಕೊಂಡು ಇಸ್ರಾಯೇಲಿನ ದೇವರನ್ನು ನಂಬಿದವನು. ಹೊರಡುವಾಗ ಪ್ರವಾದಿ ಎಲೀಷನಿಗೆ ಒಂದು ಮಾತು ಹೇಳುತ್ತಾನೆ: ನನ್ನ ಅರಸ ನನ್ನ ಕೈಮೇಲೆ ಭಾರಹಾಕಿ ರಿಮ್ಮೋನನ ಗುಡಿಯಲ್ಲಿ ಬಾಗುವಾಗ ನಾನೂ ಬಾಗಬೇಕಾಗುತ್ತದೆ, ಕರ್ತನು ಅದನ್ನು ಕ್ಷಮಿಸಲಿ. ಎಲೀಷ ಅವನಿಗೆ ಉಪದೇಶ ಮಾಡಲಿಲ್ಲ, ಶಾಪವನ್ನೂ ಹಾಕಲಿಲ್ಲ. ಸಮಾಧಾನದಿಂದ ಹೋಗು ಎಂದ. ಎರಡನೆಯ ಅರಸುಗಳ 5ನೆಯ ಅಧ್ಯಾಯ.

ಇದನ್ನು ಎಲ್ಲದಕ್ಕೂ ಪರವಾನಗಿ ಎಂದು ಹಿಡಿಯಬಾರದು. ದಾನಿಯೇಲನ ಪುಸ್ತಕದಲ್ಲಿ ಬೆಂಕಿಯ ಆವಿಗೆಯ ಮುಂದೆ ನಿಂತ ಮೂವರು ಯುವಕರು ಅರಸನ ವಿಗ್ರಹಕ್ಕೆ ಬಾಗಲಿಲ್ಲ. ಆದರೆ ದೇವರು ಒಬ್ಬೊಬ್ಬರನ್ನು ಒಂದೊಂದು ಜಾಗದಲ್ಲಿ ಇಟ್ಟಿದ್ದಾನೆ. ಹೊಳಲ್ಕೆರೆಯ ತಮ್ಮ ದೂರ ನಿಲ್ಲಲಿ, ಅದು ಅವನ ನಿಷ್ಠೆ. ಗುಮಾಸ್ತರು ಹಿಂದಿನ ದಿನವೇ ಸಾಹುಕಾರರಿಗೆ ಸ್ಪಷ್ಟವಾಗಿ ಹೇಳಲಿ: ಅಂಗಡಿ ತೊಳೆಯಲು, ಸಾರಿಸಲು, ಬಂದವರಿಗೆ ಮಂಡಕ್ಕಿ ಸಿಹಿ ಹಂಚಲು ಬರುತ್ತೇನೆ, ಮಂಗಳಾರತಿಯ ಹೊತ್ತಿಗೆ ಹೊರಗಿರುತ್ತೇನೆ ಎಂದು. ಕದ್ದು ರಜೆ ಹಾಕುವುದು ನನಗೆ ಸರಿಕಾಣುವುದಿಲ್ಲ. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದು ಬೆಟ್ಟದ ಮೇಲೆ ಕುಳಿತು ಯೇಸುವೇ ನಮಗೆ ಕಲಿಸಿದ್ದಾರೆ.

ಮಂಡಿ ಗುಮಾಸ್ತ, ದಾವಣಗೆರೆ

ಎಲ್ಲರಿಗೂ ಕೃತಜ್ಞತೆ. ನಡೆದದ್ದನ್ನು ಹೇಳುತ್ತೇನೆ.

ಆಯುಧ ಪೂಜೆಯ ವಿಷಯ ಸುಲಭವಾಗಿ ಮುಗಿಯಿತು. ನಿಮ್ಮ ದೇವರು ನಿಮಗೆ, ನೀವು ತೋರಣ ಕಟ್ಟಿಸಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎಂದರು ಸಾಹುಕಾರರು. ಇಷ್ಟು ದಿನ ಅದೇ ದೊಡ್ಡ ಗಂಟು ಎಂದುಕೊಂಡಿದ್ದೆ.

ಚೀಲದ ವಿಷಯಕ್ಕೆ ಅವರ ಮುಖ ಗಂಟಿಕ್ಕಿತು. ಪ್ರಾಂಗಣದಲ್ಲಿ ಎಲ್ಲರೂ ಮಾಡುವುದೇ ಅಲ್ಲವೇ, ನಾವೊಬ್ಬರೇ ಬಿಟ್ಟರೆ ಖರೀದಿದಾರರು ನಮ್ಮ ಕಟ್ಟೆಗೆ ಬರುತ್ತಾರೆಯೇ ಎಂದು ಕೇಳಿದರು. ಆ ಭಯ ಸುಳ್ಳಲ್ಲ. ನಾನು ವಚನವನ್ನಾಗಲಿ ವಾಕ್ಯವನ್ನಾಗಲಿ ತೆಗೆಯಲಿಲ್ಲ. ಹತ್ತು ಖಾಲಿ ಚೀಲ ತಂದು ಅವರ ಎದುರೇ ಯಂತ್ರದ ಮೇಲಿಟ್ಟೆ. ಒಂಬತ್ತು ಕೆಜಿ ಚಿಲ್ಲರೆ ತೋರಿಸಿತು. ಅಂಕಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಲಕ್ಕಮ್ಮನ ಕಥೆ ಎತ್ತಿದೆ, ಜಗಳೂರಿನ ಯಜಮಾನರ ಹೆಸರಿನಲ್ಲೇ. ನಿಮಗೆ ಅದೆಲ್ಲ ಗೊತ್ತೇನ್ರೀ ಎಂದು ಕೇಳಿ ಸುಮ್ಮನಾದರು. ಮಾರನೆಯ ದಿನದಿಂದ ಚೀಲಕ್ಕೆ ಒಂದೇ ಕೆಜಿ. ಒಬ್ಬ ಖರೀದಿದಾರರು ಮುನಿಸಿಕೊಂಡು ಪಕ್ಕದ ಕಟ್ಟೆಗೆ ಹೋದರು, ಉಳಿದವರು ಬರುತ್ತಿದ್ದಾರೆ. ಸ್ಯಾಂಪಲ್ ಕಾಳು ನೋಡಿದ ಮೇಲೆ ರೈತನ ಚೀಲಕ್ಕೇ ಮರಳುತ್ತಿದೆ.

ಹಮಾಲರಿಗೆ ಅಂದಂದೇ ಕೂಲಿ ಸಿಗುತ್ತದೆ ಅಕ್ಕಾ. ಆದರೆ ಲಾರಿ ತುಂಬುವವರಿಗೆ ವಾರ ಕಾಯಿಸುತ್ತಿದ್ದೆವು. ಅದನ್ನು ಸಂಜೆಗೆ ತಂದಿದ್ದೇನೆ.

ಕಮಿಷನ್ ಮತ್ತು ಬಿಳಿ ಚೀಟಿಯ ವಿಷಯಕ್ಕೆ ಅವರು ಒಪ್ಪಿಲ್ಲ. ಅಧಿಕೃತ ಬಿಲ್ ಬರೆದರೆ ಎಲ್ಲ ಲೆಕ್ಕವೂ ಹೊರಬೀಳುತ್ತದೆ, ಅದು ಅವರಿಗೂ ಗೊತ್ತು ನನಗೂ ಗೊತ್ತು. ಬಿಳಿ ಚೀಟಿಗೆ ಇನ್ನು ನನ್ನ ಕೈ ಬರುವುದಿಲ್ಲ ಎಂದು ಹೇಳಿದ್ದೇನೆ. ಸದ್ಯ ಅದನ್ನು ಅವರ ಮಗ ಬರೆಯುತ್ತಿದ್ದಾನೆ. ಹೀಗೆ ಹೆಚ್ಚು ಕಾಲ ನಡೆಯಲಾರದು. ಹಂಗಾಮು ಮುಗಿಯುವವರೆಗೆ ಕೇಳುತ್ತಲೇ ಇರುತ್ತೇನೆ. ಆಮೇಲೂ ಒಪ್ಪದಿದ್ದರೆ ಬಿಡುತ್ತೇನೆ, ಮನೆಯಲ್ಲಿ ಹೆಂಡತಿ ಮಗಳು ಇಬ್ಬರೂ ಒಪ್ಪಿದ್ದಾರೆ. ದಾವಣಗೆರೆ, ಹರಿಹರದ ಕಡೆ ಯಾರಿಗಾದರೂ ಲೆಕ್ಕ ಬರೆಯುವವರು ಬೇಕಾಗಿದ್ದರೆ ಇಲ್ಲಿ ತಿಳಿಸಿ. ಕಂಪ್ಯೂಟರಿನಲ್ಲಿ ಜಿಎಸ್‌ಟಿ ಲೆಕ್ಕವನ್ನೂ ಮಾಡುತ್ತೇನೆ.